ಚಾರಣಕ್ಕೆ ದಿನಕ್ಕೆ 300ರ ಮಿತಿ: ಆ ಲೆಕ್ಕ ಕಳಸದ ಅಂಗಡಿಯವರಿಗೆ ಗೊತ್ತಾಗೋದು ಯಾವಾಗ?

ಕಳಸ: ಶುಕ್ರವಾರ ಸಂಜೆ ಆಯ್ತು ಅಂದ್ರೆ ಹೋಟೆಲ್‌ನವರು, ಜೀಪಿನವರು, ಸಂಸೆ ಕಡೆಯ ಹೋಂಸ್ಟೇಯವರು ಎಲ್ಲರೂ ಕೇಳೋದು ಒಂದೇ ಪ್ರಶ್ನೆ. ನಾಳೆ ಎಷ್ಟು ಜನ ಬರ್ತಾರೆ? ಹಿಟ್ಟು ಎಷ್ಟು ರುಬ್ಬಬೇಕು, ಹಾಲು ಎಷ್ಟು ಹೇಳಬೇಕು, ಡ್ರೈವರ್‌ಗೆ ಬೆಳಗ್ಗೆ ಐದಕ್ಕೇ ಬಾ ಅನ್ನಬೇಕಾ ಬೇಡ್ವಾ? ಎಲ್ಲಾ ಅಂದಾಜಿನ ಮೇಲೆ. ತಮಾಷೆ ಅಂದ್ರೆ ಈಗ ಈ ಪ್ರಶ್ನೆಗೆ ಸರಿಯಾದ ಉತ್ತರ ಇದೆ. ಆನ್‌ಲೈನ್ ಬುಕಿಂಗ್ ವ್ಯವಸ್ಥೆಯ ಒಳಗೇ ಇದೆ. ಊರಿಗೆ ಮಾತ್ರ ಅದು ತಲುಪ್ತಿಲ್ಲ.

ಹಿನ್ನೆಲೆ ಸ್ವಲ್ಪ ನೆನಪಿಸಿಕೊಳ್ಳೋಣ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ್ದರು. ಜಾತ್ರೆ ಸಾಲಿನಂತೆ ಬೆಟ್ಟದ ತುಂಬಾ ಜನ ನಿಂತಿದ್ದ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಸೂಚಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಶುರುವಾಯ್ತು. ಒಂದು ಚಾರಣಪಥಕ್ಕೆ ದಿನಕ್ಕೆ ಹೆಚ್ಚೆಂದರೆ 300 ಜನ ಅನ್ನೋ ಮಿತಿ ಬಂತು. ನಮ್ಮ ಜಿಲ್ಲೆಯಲ್ಲೇ 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಕಡೆಗೂ ವಾಹನಗಳಿಗೆ ಬುಕಿಂಗ್ ಬಂದಿದೆ. ಬೆಳಗ್ಗೆ 600, ಮಧ್ಯಾಹ್ನದ ಮೇಲೆ 600.

ಮಿತಿ ಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ಕುದುರೆಮುಖದ ದಾರಿ ಹೋಗಿ ಬರಲು ಸುಮಾರು 20 ಕಿಲೋಮೀಟರ್, ಅದೂ ರಾಷ್ಟ್ರೀಯ ಉದ್ಯಾನದ ಒಳಗೆ, ಹೊಳೆ ದಾಟಿ, ಶೋಲಾ ಕಾಡು ದಾಟಿ ಹೋಗೋ ದಾರಿ. ಅಲ್ಲಿ ಸಾವಿರ ಜನ ನಡೆದರೆ ಒಂದೇ ಮಳೆಗೆ ದಾರಿ ಚರಂಡಿಯಾಗುತ್ತೆ. ಅದನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಕಳಸದ ವ್ಯಾಪಾರಕ್ಕೆ ಈ ಬೆಟ್ಟ ಯಾಕೆ ಇಷ್ಟು ಮುಖ್ಯ ಆಯ್ತು ಅನ್ನೋದನ್ನೂ ನೋಡಬೇಕು. ಕುದುರೆಮುಖ ಗಣಿ ಇದ್ದಾಗ ಟೌನ್‌ಶಿಪ್‌ನವರು ತಿಂಗಳ ಸಂಬಳದ ಗಿರಾಕಿಗಳು. 2002ರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು, ಟೌನ್‌ಶಿಪ್ ಖಾಲಿಯಾಯ್ತು. ಹೊರನಾಡು, ಕಳಸೇಶ್ವರ ದೇವಸ್ಥಾನಕ್ಕೆ ಬರೋ ಭಕ್ತರು ಮೊದಲೂ ಇದ್ದರು, ಈಗಲೂ ಇದ್ದಾರೆ. ಆದರೆ ಅವರಲ್ಲಿ ಬಹಳ ಜನ ಪ್ರಸಾದ ಅಲ್ಲೇ ಊಟ ಮಾಡಿ, ಬಸ್ ಹತ್ತಿ ಹೋಗ್ತಾರೆ. ರಾತ್ರಿ ಉಳಿದು, ಜೀಪು ಹತ್ತಿ, ಬುತ್ತಿ ಕಟ್ಟಿಸಿಕೊಂಡು, ಇಂಬಳಕ್ಕೆ ಅಂತ ಉಪ್ಪು, ನಶ್ಯ, ಸುಣ್ಣ ಕೊಳ್ಳೋ ಗಿರಾಕಿ ಚಾರಣದವನು. ಒಂದು ದಾರಿಯಲ್ಲಿ 300 ಜನ ಪೂರ್ತಿ ಬಂದರೆ, ಜೀಪಿಗೆ ಹತ್ತರಂತೆ 30 ಟ್ರಿಪ್. ನೇತ್ರಾವತಿ ಶಿಖರದ ದಾರಿಯೂ ಸಂಸೆ ಕಡೆಯಿಂದಲೇ. ಸಣ್ಣ ಊರಿಗೆ ಇದು ಸಣ್ಣ ಲೆಕ್ಕ ಅಲ್ಲ.

ಇನ್ನೊಂದು ಸಂಗತಿ ಇದೆ, ಇದರ ಬಗ್ಗೆ ಚರ್ಚೆಯೇ ಆಗಿಲ್ಲ. ಮೊದಲು ಈ ಬೆಟ್ಟಗಳಿಗೆ ಬರ್ತಿದ್ದವರು ಓದಿ ಬರ್ತಿದ್ದರು. ‘ಸುಧಾ’, ‘ತರಂಗ’ದಂಥ ವಾರಪತ್ರಿಕೆಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ ಚಾರಣದ ಲೇಖನ ಬರ್ತಿತ್ತು. ಕೊನೆಯಲ್ಲಿ ಒಂದು ಪುಟ್ಟ ಬಾಕ್ಸ್: ಹೋಗುವುದು ಹೇಗೆ, ಬಸ್ ಎಲ್ಲಿಂದ, ಉಳಿಯೋದು ಎಲ್ಲಿ, ಯಾವ ತಿಂಗಳು ಬೇಡ. ಆ ಬಾಕ್ಸನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ಬಂದವರು ನಮ್ಮೂರಲ್ಲಿ ಬಸ್ ಇಳಿದಿದ್ದಾರೆ. ಇವತ್ತು ಓದಿದವನು ಇವತ್ತೇ ಹೊರಡ್ತಿರಲಿಲ್ಲ. ಒಬ್ಬ ದೀಪಾವಳಿ ಕಳೆದ ಮೇಲೆ ಬಂದ, ಇನ್ನೊಬ್ಬ ಸಂಕ್ರಾಂತಿಗೆ, ಮತ್ತೊಬ್ಬ ಎರಡು ವರ್ಷ ಬಿಟ್ಟು. ಬಂದ ಮೇಲೆ ಅಂಗಡಿ ಬಾಗಿಲಲ್ಲಿ ನಿಂತು ದಾರಿ ಕೇಳಿ, ಚಾ ಕುಡಿದು, ಪರಿಚಯ ಮಾಡಿಕೊಂಡು ಹೋಗ್ತಿದ್ದ. ಕೊಟ್ಟಿಗೆಹಾರದಲ್ಲಿ ಈಗಲೂ ಅದರ ಒಂದು ತುಣುಕು ಕಾಣುತ್ತೆ. ತೇಜಸ್ವಿ ಪ್ರತಿಷ್ಠಾನಕ್ಕೆ ಬರೋರು ‘ಕರ್ವಾಲೋ’ ಓದಿಕೊಂಡೇ ಬಂದಿರ್ತಾರೆ. ತೇಜಸ್ವಿ ತೀರಿಕೊಂಡು (2007) ಇಷ್ಟು ವರ್ಷ ಆದರೂ ಬರ್ತಾರೆ, ನೀರುದೋಸೆ ತಿಂದು, ನಿಧಾನಕ್ಕೆ ಹೋಗ್ತಾರೆ.

ರೀಲ್ಸ್ ನೋಡಿ ಬರೋರು ಕೆಟ್ಟವರು ಅಂತಲ್ಲ. ಅವರಿಗೆ ಸಿಗೋ ಮಾಹಿತಿ 30 ಸೆಕೆಂಡಿನದು. ಅದರಲ್ಲಿ ಬೆಟ್ಟದ ತುದಿ ಇದೆ, ಮೋಡ ಇದೆ, ಹಾಡು ಇದೆ. ಬುಕಿಂಗ್ ಬೇಕು, ಕಾಡ್ಗಿಚ್ಚಿನ ಕಾಲಕ್ಕೆ ಮುಚ್ಚಬಹುದು, ಸಂಜೆಯೊಳಗೆ ಇಳಿದು ಬರಬೇಕು ಅನ್ನೋದು ಇಲ್ಲ. ಹಾಗಾಗಿ ಅದೇ ಮೂರು ದಿನದ ರಜೆಗೆ ಎಲ್ಲರೂ ಹೊರಡ್ತಾರೆ. ಟಿಕೆಟ್ ಸಿಗದವರೂ ‘ಹೋಗಿ ನೋಡೋಣ’ ಅಂತ ಬಂದು, ಗೇಟಿನಲ್ಲಿ ಜಗಳ ಮಾಡಿ, ವಾಪಸ್ ಹೋಗ್ತಾ ಊರನ್ನೇ ಬೈತಾರೆ. ಬೈಗುಳ ತಿನ್ನೋದು ಗೈಡ್, ಜೀಪ್ ಡ್ರೈವರ್ ಮತ್ತು ಹೋಟೆಲ್ ಕ್ಯಾಶ್‌ನಲ್ಲಿ ಕೂತವರು. ನಿಯಮ ಮಾಡಿದವರು ಅಲ್ಲಿರಲ್ಲ.

ಹಾಗಾದ್ರೆ ಏನು ಮಾಡಬಹುದು? ಮೊದಲನೆಯದಕ್ಕೆ ಖರ್ಚೇ ಇಲ್ಲ. ಪ್ರತಿ ಗುರುವಾರ ಸಂಜೆ ಇಲಾಖೆಯವರು ಶನಿವಾರ, ಭಾನುವಾರದ ಬುಕಿಂಗ್ ಸಂಖ್ಯೆಯನ್ನಷ್ಟೇ ಪಂಚಾಯಿತಿಗೂ ವರ್ತಕರಿಗೂ ತಿಳಿಸಬೇಕು. ಹೆಸರು ಬೇಡ, ಫೋನ್ ನಂಬರ್ ಬೇಡ. ಕುದುರೆಮುಖ ಇಷ್ಟು, ನೇತ್ರಾವತಿ ಇಷ್ಟು ಅಂತ ಬಸ್ ಸ್ಟ್ಯಾಂಡ್‌ನಲ್ಲಿ ಒಂದು ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಸಾಕು. ವರ್ತಕರ ವಾಟ್ಸಾಪ್ ಗ್ರೂಪ್‌ಗೆ ಅರ್ಧ ನಿಮಿಷದಲ್ಲಿ ಅದರ ಫೋಟೋ ಬರುತ್ತೆ.

ಎರಡನೆಯದು ವರ್ತಕರ ಕೈಯಲ್ಲಿದೆ. ಆ ಹಳೇ ಬಾಕ್ಸನ್ನು ನಾವೇ ಮತ್ತೆ ಪ್ರಿಂಟ್ ಮಾಡಬಹುದು. ಸೀಸನ್‌ಗೆ ಒಂದು, ಎರಡು ಪುಟದ ಹಾಳೆ. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ, ಜೀಪಿನ ಬಾಡಿಗೆ ಎಷ್ಟು, ಕೊನೆಯ ಬಸ್ ಎಷ್ಟು ಗಂಟೆಗೆ, ಯಾವ ಹೊಳೆ ಮಳೆಗಾಲದಲ್ಲಿ ದಾಟಬಾರದು. ಬರೆಯೋಕೆ ಗೈಡ್‌ಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ. ಬಂದು ಹೋದವರು ಬರೆದು ಕಳಿಸಿದ್ದಕ್ಕೂ ನಾಲ್ಕು ಸಾಲು ಜಾಗ ಕೊಡಲಿ, ಅವರು ಮತ್ತೆ ಬರೋಕೆ ಅದೇ ಕಾರಣ ಆಗುತ್ತೆ. ಒಂದು ಎಚ್ಚರ: ತಿಂಗಳಿಗೊಮ್ಮೆ ಹೆಸರಿಟ್ಟು, ಸುದ್ದಿ ಹಾಕಿ ಪತ್ರಿಕೆಯಾಗಿಯೇ ತರೋದಾದರೆ ನೋಂದಣಿ ಬೇಕು. 2023ರ ಹೊಸ ಕಾಯ್ದೆ ಬಂದ ಮೇಲೆ ಅದಕ್ಕೆ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕು. ಬರೀ ಮಾಹಿತಿ ಹಾಳೆಯಿಂದ ಶುರು ಮಾಡೋದು ಸುಲಭ.

ಬಾಡಿಗೆ ದರ ಅಚ್ಚು ಹಾಕೋದಕ್ಕೆ ಎಲ್ಲರೂ ಒಪ್ಪಲ್ಲ, ಅದು ಗೊತ್ತಿದೆ. ರಜೆ ದಿನ ಒಂದು ರೇಟು, ಬುಧವಾರ ಒಂದು ರೇಟು ಅನ್ನೋ ಅಭ್ಯಾಸ ಇರೋ ಕಡೆ ಜಗಳ ಇಲ್ಲಿಂದಲೇ ಶುರುವಾಗುತ್ತೆ. ಹಾಳೆಯನ್ನು ಬರೀ ಜಾಹೀರಾತು ಮಾಡಿಬಿಡೋ ಆಸೆಯೂ ಬರುತ್ತೆ. ಇನ್ನೂ ಅನುಮತಿ ಇಲ್ಲದ ಜಲಪಾತ, ಗುಡ್ಡಗಳ ದಾರಿಯನ್ನು ‘ಗುಪ್ತ ತಾಣ’ ಅಂತ ಹಾಕಿದರಂತೂ ಮುಗೀತು, ಮುಂದಿನ ಭಾನುವಾರವೇ ಅಲ್ಲಿ ನೂರು ಬೈಕ್ ನಿಂತಿರುತ್ತೆ.

ಇದರಿಂದ ಜನ ಇನ್ನೂ ಜಾಸ್ತಿ ಆಗಲ್ವಾ ಅಂತ ಕೆಲವರು ಕೇಳ್ತಾರೆ. ದಿನಕ್ಕೆ 300ರ ಮೇಲೆ ಆಗೋ ಹಾಗೇ ಇಲ್ಲ. ಆಗಬಹುದಾದದ್ದು ಅಂದ್ರೆ, ಶನಿವಾರ ಟಿಕೆಟ್ ಸಿಗದವನಿಗೆ ಮಂಗಳವಾರ ಬಂದರೆ ಜೀಪೂ ಸಲೀಸು, ರೂಮೂ ಸಲೀಸು ಅನ್ನೋದು ಮನೆಯಲ್ಲಿ ಕೂತಾಗಲೇ ಗೊತ್ತಾಗೋದು. ವಾರದ ಮಧ್ಯೆ ಖಾಲಿ ಹೊಡೆಯೋ ಹೋಂಸ್ಟೇಗಳಿಗೆ ಅಷ್ಟಾದರೂ ಸಾಕು.

ಸದ್ಯಕ್ಕೆ ಗುರುವಾರದ ಆ ಒಂದು ಸಂಖ್ಯೆಗಾಗಿ ವರ್ತಕರು, ಜೀಪ್ ಮಾಲೀಕರು, ಹೋಂಸ್ಟೇಯವರು ಒಟ್ಟಾಗಿ ವಲಯ ಅರಣ್ಯಾಧಿಕಾರಿ ಕಚೇರಿಗೆ ಲಿಖಿತ ಮನವಿ ಕೊಡಬೇಕು. ಒಬ್ಬೊಬ್ಬರೇ ಹೋಗಿ ಬಾಯಿಮಾತಲ್ಲಿ ಕೇಳಿದರೆ ನೋಡೋಣ ಅನ್ನೋ ಉತ್ತರ ಸಿಗುತ್ತೆ. ಸಹಿ ಹಾಕಿದ ಅರ್ಜಿಗೆ ಸ್ವೀಕೃತಿ ಸಿಗುತ್ತೆ, ಮುಂದಿನ ಉದ್ದದ ರಜೆ ಬರೋದರೊಳಗೆ ಅದನ್ನು ಹಿಡಿದು ಮತ್ತೆ ಕೇಳಬಹುದು.