ಹೋಸ್ಟಿಂಗ್ ಕಂಪನಿ ಕೈಕೊಟ್ಟರೆ: ಪಹಣಿ ನಿಮ್ಮ ಹೆಸರಲ್ಲಿದೆಯಾ?

ಹೋಸ್ಟಿಂಗ್ ಕಂಪನಿ ಜೊತೆ ಚಾಟ್‌ನಲ್ಲಿ ಜಗಳ ಆಡಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಗೆಲ್ಲೋದು ಗಂಟುಮೂಟೆ ಕಟ್ಟಿಕೊಂಡು ಹೊರಡೋಕೆ ತಯಾರಿದ್ದವರು. ಹಣ್ಣು, ಬೆಲ್ಲ, ಗಾಣದ ಎಣ್ಣೆಯನ್ನು ಸ್ವಂತ ವೆಬ್‌ಸೈಟಿನಲ್ಲಿ ಮಾರುವವರು, ಮಾರಬೇಕು ಅಂದುಕೊಂಡವರು ಇದನ್ನು ಓದಿಬಿಡಿ.

ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ಡೊಮೇನ್ ಅಂದ್ರೆ ನಿಮ್ಮ ಸೈಟಿನ ಹೆಸರು. ಹೋಸ್ಟಿಂಗ್ ಅಂದ್ರೆ ಸೈಟಿನ ಫೋಟೊ, ಬರಹ, ಆರ್ಡರ್ ಎಲ್ಲ ಇಡುವ ಜಾಗ. ಒಂದು ಪಹಣಿ, ಇನ್ನೊಂದು ಬಾಡಿಗೆ ಗೋಡೌನ್. ಗೋಡೌನ್ ಸರಿಯಿಲ್ಲದಿದ್ರೆ ಬೇರೆ ನೋಡಬಹುದು. ಪಹಣಿಯೂ ಗೋಡೌನ್ ಮಾಲೀಕನ ಕೈಲೇ ಇದ್ರೆ ಏನು ಮಾಡ್ತೀರಿ? ಎಷ್ಟೋ ರೈತರ ಡೊಮೇನ್ ಇವತ್ತಿಗೂ ಸೈಟ್ ಮಾಡಿಕೊಟ್ಟ ಹುಡುಗನ ಇಮೇಲ್ ಹೆಸರಲ್ಲಿದೆ. ಒಂದು ಗುಂಟೆ ಜಾಗದ ಖಾತೆಯನ್ನು ಹತ್ತು ಸಲ ತಿರುಗಿಸಿ ನೋಡೋ ಜನ ಇದನ್ನ ಒಂದು ಸಲಾನೂ ನೋಡಲ್ಲ.

ಹೋದ ವರ್ಷ ಮೇ ಎರಡನೇ ವಾರ ನಮ್ಮ ತೋಟದ ಸೈಟ್ ಶುಕ್ರವಾರ ಸಂಜೆ ನಿಂತುಹೋಯ್ತು. ಬಾದಾಮಿ ಮಾವಿನ ಆರ್ಡರ್ ಜೋರಾಗಿದ್ದ ಹೊತ್ತು. ಚಾಟ್‌ನಲ್ಲಿ ಮೊದಲು ಯಂತ್ರ ಮಾತಾಡ್ತು, ಆಮೇಲೆ ಒಬ್ಬರು ಬಂದು ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ಅಂದ್ರು, ಇನ್ನೊಬ್ಬರು ಬಂದು ಮತ್ತೆ ಮೊದಲಿಂದ ಕೇಳಿದ್ರು. ಸೋಮವಾರ ಮಧ್ಯಾಹ್ನ ಉತ್ತರ ಬಂತು: ನಿಮ್ಮ ಪ್ಲ್ಯಾನಿನ ಮಿತಿ ಮೀರಿದೆ, ದೊಡ್ಡ ಪ್ಲ್ಯಾನ್ ತಗೊಳ್ಳಿ. ಆ ಪ್ಲ್ಯಾನಿನ ಹೆಸರಲ್ಲೇ ‘ಅನ್‌ಲಿಮಿಟೆಡ್’ ಅಂತ ಇತ್ತು! ಕಾರ್ಬೈಡ್ ಮುಟ್ಟಿಸದೆ ಹುಲ್ಲಿನಲ್ಲಿ ಹಣ್ಣು ಮಾಡಿದ ಮಾವು ಸೋಮವಾರದ ತನಕ ಕಾಯಲ್ಲ. ಅರವತ್ತು ಬಾಕ್ಸ್ ಮಂಡಿ ರೇಟಿಗೆ ಹೋಯ್ತು. ಕಂಪನಿ ಕೊಟ್ಟ ಪರಿಹಾರ ಒಂದು ತಿಂಗಳ ಬಾಡಿಗೆ ಮಾಫಿ.

ಚಾಟ್‌ನಲ್ಲಿ ಕೂತವರ ಮೇಲೆ ನನಗೆ ಕೋಪ ಇಲ್ಲ, ಅವರೂ ಸಂಬಳಕ್ಕೆ ದುಡಿಯೋರು. ವ್ಯವಹಾರ ಇರೋದೇ ಹಾಗೆ. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೇ ಕಂಪ್ಯೂಟರನ್ನು ಎಷ್ಟೋ ಸೈಟುಗಳು ಹಂಚಿಕೊಂಡಿರುತ್ತವೆ. ಒಂದಕ್ಕೆ ಜನ ಜಾಸ್ತಿ ಬಂದ್ರೆ ಅದನ್ನೇ ಕಟ್ಟಿಹಾಕ್ತಾರೆ. ಅಂದ್ರೆ ನಿಮ್ಮ ವ್ಯಾಪಾರ ಚೆನ್ನಾಗಿ ನಡೆದ ದಿನವೇ ಸೈಟ್ ನಿಲ್ಲೋದು. ಜಾಹೀರಾತಿನ 99.9% ಅನ್ನೋ ಭರವಸೆ ನಂಬಿಕೊಂಡು ಕೂರಬೇಡಿ. ಆ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 43 ನಿಮಿಷ ಮಾತ್ರ ಸೈಟ್ ನಿಲ್ಲಬಹುದು. ಅದು ತಪ್ಪಿದ್ರೂ ಷರತ್ತಿನಲ್ಲಿ ಸಾಮಾನ್ಯವಾಗಿ ಇರೋದು ಬಾಡಿಗೆಯ ಒಂದು ಪಾಲು ವಾಪಸ್ ಅಂತ ಅಷ್ಟೇ. ಕೊಳೆತ ಹಣ್ಣಿನ ಲೆಕ್ಕ ಅದರಲ್ಲಿ ಬರಲ್ಲ.

ಹಾಗಂತ ಸುಮ್ಮನಿರಬೇಕಾ? ಬೇಡ, ದೂರು ಕೊಡಿ. ಆದ್ರೆ ಫೋನಿನಲ್ಲಿ ಕೂಗಾಡೋದು ಬೇಡ, ಬರವಣಿಗೆಯಲ್ಲಿ ಕೊಡಿ. ಸೈಟ್ ಯಾವಾಗ ನಿಂತಿತು, ಏನು ಕಾಣ್ತಿದೆ, ಟಿಕೆಟ್ ನಂಬರ್ ಎಷ್ಟು, ನಿಮಗೆ ಏನು ಬೇಕು, ಇಷ್ಟು ಸಾಕು. ಸ್ಕ್ರೀನ್‌ಶಾಟ್, ಚಾಟ್ ಎಲ್ಲ ಉಳಿಸಿಕೊಳ್ಳಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಸೇವೆ ಮಾರುವ ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ಅಧಿಕಾರಿಯ ಇಮೇಲ್ ಹುಡುಕಿ ನೇರವಾಗಿ ಅಲ್ಲಿಗೇ ಬರೆಯಿರಿ. ಆಗಲೂ ಆಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ‘ನೀವು ವ್ಯಾಪಾರಸ್ಥರು, ಗ್ರಾಹಕರಲ್ಲ’ ಅಂತ ಯಾರಾದ್ರೂ ಅಂದ್ರೆ ಹೆದರಬೇಡಿ. ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗಾಗಿ ದುಡಿಯುವವರು ಗ್ರಾಹಕರೇ ಅಂತ ವಾದಿಸೋಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ದಾರಿ ಇದೆ. ಜಿಲ್ಲಾ ಆಯೋಗದಲ್ಲಿ, ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕವೂ ಇಲ್ಲ.

ಇದೆಲ್ಲ ನ್ಯಾಯಕ್ಕೆ. ಹಣ್ಣು ಉಳಿಸಿಕೊಳ್ಳೋಕೆ ಬೇಕಾಗಿರೋದು ಬೇರೆ. ಡೊಮೇನ್ ಖಾತೆ ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ನಂಬರಿನಲ್ಲಿರಲಿ, ಆದಷ್ಟೂ ಹೋಸ್ಟಿಂಗ್ ಕೊಟ್ಟ ಕಂಪನಿ ಬಿಟ್ಟು ಬೇರೆ ಕಡೆ ಇರಲಿ. ಸೈಟಿನ ಬ್ಯಾಕಪ್ ವಾರಕ್ಕೊಮ್ಮೆ ಇಳಿಸಿಕೊಳ್ಳಿ, ಸೀಸನ್ನಿನಲ್ಲಿ ದಿನಾ. ಕಂಪನಿಯವರೇ ಬ್ಯಾಕಪ್ ಇಡ್ತಾರಲ್ಲ ಅನ್ನಬೇಡಿ, ಗೋಡೌನಿಗೆ ಬೆಂಕಿ ಬಿದ್ರೆ ಅದರೊಳಗಿನ ಬೀರು ಉಳಿಯುತ್ತಾ? ಗಿರಾಕಿಗಳ ಹೆಸರು, ನಂಬರ್ ಇರುವ ಪಟ್ಟಿ ಫೋನಿನಲ್ಲೂ ಇರಲಿ. ಇಷ್ಟಿದ್ರೆ ಬೇರೆ ಕಂಪನಿಯಲ್ಲಿ ಜಾಗ ತಗೊಂಡು, ಬ್ಯಾಕಪ್ ಏರಿಸಿ, ಡೊಮೇನನ್ನು ಆ ಕಡೆ ತಿರುಗಿಸಿದ್ರೆ ಆಯ್ತು. ಬಹುತೇಕ ಒಂದೇ ದಿನದ ಕೆಲಸ. ಹಳೆಯವರ ಅಪ್ಪಣೆ ಬೇಕಿಲ್ಲ.

ಡೊಮೇನ್ ಈಗಾಗಲೇ ಅವರ ಹತ್ತಿರವೇ ಇದ್ರೆ ವರ್ಗಾವಣೆಯ ಕೋಡ್ ಕೇಳಿ. ಡಾಟ್ ಕಾಂ ಹೆಸರಾದ್ರೆ ಕೇಳಿದ 5 ದಿನದೊಳಗೆ ಅದನ್ನು ಕೊಡಬೇಕು, ಐಕ್ಯಾನ್ ಸಂಸ್ಥೆಯ ನಿಯಮ ಇದು. ಆದ್ರೆ ನೋಂದಣಿಯಾಗಿ 60 ದಿನ ಆಗಿರದಿದ್ರೆ ವರ್ಗಾವಣೆಗೆ ಕಾಯಬೇಕಾಗುತ್ತೆ. ಹೊರಟ ಮೇಲೆ ಯುಪಿಐ ಅಥವಾ ಕಾರ್ಡಿನಲ್ಲಿ ಕೊಟ್ಟಿದ್ದ ಆಟೋಪೇ ರದ್ದು ಮಾಡೋದು ಮರೀಬೇಡಿ. ಮೊದಲ ವರ್ಷದ ರೇಟು ಎರಡನೇ ವರ್ಷ ಎರಡು-ಮೂರು ಪಟ್ಟಾಗೋದು ಇಲ್ಲಿ ಹೊಸದೇನಲ್ಲ.

ಕಂಪನಿ ಬದಲಿಸೋದಾದ್ರೆ ಮಾವು ಮುಗಿದ ಮೇಲೆ, ಜುಲೈ-ಆಗಸ್ಟ್‌ನಲ್ಲಿ ಬದಲಿಸಿ. ದುಡ್ಡು ಕಟ್ಟೋ ಮುಂಚೆ ಹೊಸ ಕಂಪನಿಗೆ ಒಂದು ಭಾನುವಾರ ರಾತ್ರಿ ಏನಾದ್ರೂ ಪ್ರಶ್ನೆ ಕಳಿಸಿ, ಎಷ್ಟು ಹೊತ್ತಿಗೆ ಮನುಷ್ಯರು ಉತ್ತರ ಕೊಡ್ತಾರೆ ನೋಡಿ.