ನಾಲ್ಕು ಮಿಲಿಮೀಟರ್ ಎಲ್ಲಿ ಹೋಯ್ತು?

ಜಯಲಕ್ಷ್ಮಿಪುರಂನ ನಮ್ಮ ಮನೇಲಿ ಮಹಡಿ ಮೇಲೆ ನನ್ನ ವರ್ಕ್ ಫ್ರಮ್ ಹೋಮ್, ಕೆಳಗಿನ ರೂಮಲ್ಲಿ ಚಿಕ್ಕಪ್ಪನ ಡಿಸೈನ್ ಆಫೀಸು. ಆಫೀಸು ಅಂದ್ರೆ ಒಂದು ಮೇಜು, ಒಂದು ಹಳೇ ಕಂಪ್ಯೂಟರ್ರು, ಗೋಡೆ ತುಂಬ ಡ್ರಾಯಿಂಗು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ವರ್ಕ್‌ಶಾಪ್‌ಗಳಿಗೆ ಜಿಗ್ಗು, ಫಿಕ್ಸ್‌ಚರ್ರು ಡಿಸೈನ್ ಮಾಡಿಕೊಡೋದು ಅವರ ಕೆಲಸ. ದುಡ್ಡು ಕೊಟ್ಟು ತರೋ ಸಾಫ್ಟ್‌ವೇರ್ ಅವರಿಗೆ ಕಟ್ಟುಬೀಳಲ್ಲ ಅಂತ ಆರು ವರ್ಷದ ಹಿಂದೆ ಫ್ರೀಕ್ಯಾಡ್ ಹಾಕಿಕೊಟ್ಟವನು ನಾನೇ.

2002ರಲ್ಲಿ ಮೊದಲು ಹೊರಬಂದ ಈ ಫ್ರೀಕ್ಯಾಡ್, 1.0 ಅನ್ನಿಸಿಕೊಂಡಿದ್ದು 2024ರ ನವೆಂಬರ್‌ನಲ್ಲಿ. ಇಪ್ಪತ್ತೆರಡು ವರ್ಷ! ನಮ್ಮ ಕಡೆ ಅಷ್ಟರಲ್ಲಿ ಹುಡುಗಿಗೆ ಗಂಡು ನೋಡೋಕೆ ಶುರು ಮಾಡಿರ್ತಾರೆ. ಅಲ್ಲಿವರೆಗೆ ಬಿಡಿಭಾಗಗಳನ್ನ ಜೋಡಿಸೋಕೆ ಎ2ಪ್ಲಸ್ ಥರದ ಆಡ್‌ಆನ್ ಬೇಕಿತ್ತು. 1.0ನಲ್ಲಿ ಅಸೆಂಬ್ಲಿ ಒಳಗೇ ಬಂತು. ನಾನು ಒಂದು ಶನಿವಾರ ಚಿಕ್ಕಪ್ಪನಿಗೂ ಹೇಳದೆ ಅಪ್‌ಗ್ರೇಡ್ ಮಾಡಿದೆ. ಹಳೇ ಆಡ್‌ಆನ್ ಮತ್ತೆ ಯಾಕೆ ಅಂತ ಅದನ್ನ ಹಾಕಲಿಲ್ಲ.

ಸೋಮವಾರ ಒಂದು ಹಳೇ ಡ್ರಿಲ್ ಜಿಗ್ಗಿಗೆ ರಿಪೀಟ್ ಆರ್ಡರ್ ಬಂತು. ಫೈಲ್ ತೆಗೆದ್ರೆ ಭಾಗಗಳೆಲ್ಲ ಜಾಗದಲ್ಲೇ ಇವೆ, ಆದ್ರೆ ಒಂದಕ್ಕೊಂದು ಸಂಬಂಧ ಇಲ್ಲ. ಮದುವೆ ಆಲ್ಬಂನ ಗ್ರೂಪ್ ಫೋಟೋ ಥರ: ಎಲ್ಲರೂ ಪಕ್ಕಪಕ್ಕದಲ್ಲೇ ನಿಂತಿದ್ದಾರೆ, ಯಾರು ಯಾರಿಗೆ ಏನಾಗಬೇಕು ಅಂತ ಮಾತ್ರ ಗೊತ್ತಾಗಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಬಿಡಿಯಾಗಿರೋ ಯಾವುದೇ ಭಾಗಕ್ಕೆ ಆರು ಸ್ವಾತಂತ್ರ್ಯ: ಮೂರು ದಿಕ್ಕಿಗೆ ಜಾರಬಹುದು, ಮೂರು ಅಕ್ಷದ ಸುತ್ತ ತಿರುಗಬಹುದು. ಎ2ಪ್ಲಸ್‌ನಲ್ಲಿ ಈ ಮುಖ ಆ ಮುಖಕ್ಕೆ ತಾಗಲಿ, ಈ ತೂತಿನ ಅಕ್ಷ ಆ ಪಿನ್ನಿನ ಅಕ್ಷಕ್ಕೆ ಸೇರಲಿ ಅಂತ ಒಂದೊಂದೇ ಕನ್‌ಸ್ಟ್ರೇಂಟ್ ಹಾಕಿ ಆ ಸ್ವಾತಂತ್ರ್ಯ ಕಿತ್ಕೊಳ್ತಾ ಹೋಗ್ತೀವಿ. ಹೊಸ ಅಸೆಂಬ್ಲಿ ಕೇಳೋದೇ ಬೇರೆ: ಇದು ತಿರುಗುತ್ತಾ, ಜಾರುತ್ತಾ, ಅಲುಗಾಡದೆ ನಿಲ್ಲುತ್ತಾ? ಅದಕ್ಕೆ ತಕ್ಕ ಜಾಯಿಂಟ್ ಒಂದನ್ನ ಆರಿಸಬೇಕು. ಅಕ್ಷ ಸೇರಿಸೋ ಕನ್‌ಸ್ಟ್ರೇಂಟ್ ಒಂದೇ ಇದ್ರೆ ಅದು ಸಿಲಿಂಡ್ರಿಕಲ್ ಜಾಯಿಂಟ್. ಜೊತೆಗೆ ಮುಖಾನೂ ತಾಗಿಸಿದ್ರೆ ರೆವಲ್ಯೂಟ್.

ಇಷ್ಟು ಗೊತ್ತಾದ ಮೇಲೆ ನಮ್ಮಂಥವರು ಏನ್ ಮಾಡ್ತೀವಿ? ಸ್ಕ್ರಿಪ್ಟ್ ಬರೀತೀವಿ. ಫ್ರೀಕ್ಯಾಡ್ ಫೈಲ್ ಅಂದ್ರೆ ಒಂದು ಜಿಪ್ ಅಷ್ಟೇ, ಬಿಚ್ಚಿದ್ರೆ ಒಳಗೆ ಎಕ್ಸ್‌ಎಂಎಲ್. ಒಂಬತ್ತು ಭಾಗ, ಮೂವತ್ತೊಂದು ಕನ್‌ಸ್ಟ್ರೇಂಟ್. ಯಾವ ಭಾಗದ ಎಷ್ಟನೇ ಮುಖ ಅಂತ ಓದಿ, ಜೋಡಿ ಮಾಡಿ, ಜಾಯಿಂಟ್ ಹಾಕೋ ಪೈಥಾನ್ ಕೋಡು ರಾತ್ರಿ ಹನ್ನೊಂದಕ್ಕೆ ರೆಡಿ. ಒಂದೂ ಎರರ್ ಇಲ್ಲ. ನನಗೆ ನಾನೇ ಶಹಬ್ಬಾಸ್ ಅಂದ್ಕೊಂಡೆ.

ಒಂದೇ ಕಿರಿಕಿರಿ. ಬೇಸ್ ಪ್ಲೇಟ್ ಮೇಲೆ ನಿಂತ ನಾಲ್ಕು ಪಿಲ್ಲರ್ರು ಮೇಲಿನ ಜಿಗ್ ಪ್ಲೇಟಿನೊಳಗೆ 4 ಮಿಲಿಮೀಟರ್ ತೂರಿಕೊಂಡಿದ್ವು. ಚಿಕ್ಕಪ್ಪ ಅವಸರದಲ್ಲಿ ಉದ್ದ ತಪ್ಪು ಹಾಕಿರಬೇಕು ಅಂತ 40 ಇದ್ದಿದ್ದನ್ನ 36 ಮಾಡಿದೆ. ಎಲ್ಲ ಅಚ್ಚುಕಟ್ಟಾಗಿ ಕೂತ್ಕೊಂಡಿತು. ಡ್ರಾಯಿಂಗ್ ಟರ್ನಿಂಗಿಗೆ ಹೋಯ್ತು, ಪಿಲ್ಲರ್ ಬಂದೂ ಬಂದ್ವು.

ಚಿಕ್ಕಪ್ಪ ಜೋಡಿಸಿದ ಜಿಗ್ಗನ್ನ ಬಗ್ಗಿ ಪಕ್ಕದಿಂದ ನೋಡಿದರು. "ಚಿಪ್ಸ್ ಎಲ್ಲಿಂದ ಆಚೆ ಹೋಗುತ್ತೋ?" ಅಂದರು.

ನಾನು ಬೆಪ್ಪಾಗಿ ನಿಂತೆ. ಡ್ರಿಲ್ಲನ್ನ ನೇರ ಹಿಡಿಯೋ ಬುಷ್ಷಿಗೂ ಕೆಳಗಿನ ಜಾಬಿಗೂ ನಡುವೆ ಸಂದು ಇರಲೇಬೇಕಂತೆ, ಸಾಮಾನ್ಯವಾಗಿ ಡ್ರಿಲ್ ವ್ಯಾಸದ ಅರ್ಧದಿಂದ ಒಂದರಷ್ಟು. ಇದು 8 ಮಿಲಿಮೀಟರ್ ತೂತು, ಅವರು ಬಿಟ್ಟಿದ್ದು 4. ಸಂದು ಇಲ್ಲದಿದ್ರೆ ಸುರುಳಿ ಸುರುಳಿ ಚಿಪ್ಸೆಲ್ಲ ಬುಷ್ಷಿನೊಳಗೇ ಮೇಲಕ್ಕೆ ಹತ್ತಿ ಅದನ್ನ ತಿಂದುಹಾಕುತ್ತೆ.

ಮೇಲೆ ಓಡಿಹೋಗಿ ಹಳೇ ಎಕ್ಸ್‌ಎಂಎಲ್ ತೆಗೆದೆ. ಇತ್ತು: ಬುಷ್ಷಿನ ತಳ, ಜಾಬಿನ ಮೇಲ್ಮುಖ, ಆಫ್‌ಸೆಟ್ 4. ನನ್ನ ಸ್ಕ್ರಿಪ್ಟ್ ಮುಖಗಳನ್ನ ಓದಿತ್ತು, ಆಫ್‌ಸೆಟ್ ಓದಿರಲಿಲ್ಲ. ಪ್ಲೇಟ್ 4 ಮಿಲಿಮೀಟರ್ ಕೆಳಗೆ ಇಳೀತು, ಪಿಲ್ಲರ್ ಉದ್ದ ಕಾಣಿಸ್ತು, ಸರಿಯಾಗಿದ್ದ ಪಿಲ್ಲರನ್ನ ನಾನು ತಪ್ಪು ಅಂತ ಕತ್ತರಿಸಿದೆ. ಸಾಲ್ವರ್ ಯಾಕೆ ತಕರಾರು ಮಾಡುತ್ತೆ? ಅದಕ್ಕೆ ಗಣಿತ ಸರಿಹೋದ್ರೆ ಸಾಕು. ಚಿಪ್ಸ್ ಅದರ ತಲೆನೋವಲ್ಲ.

ಚಿಕ್ಕಪ್ಪ ಬೈಯಲಿಲ್ಲ. ಬೈದಿದ್ರೆ ವಾಸಿಯಾಗ್ತಿತ್ತು. ನಾಲ್ಕು ಪಿಲ್ಲರ್ ಕೆಳಗೂ 4 ಮಿಲಿಮೀಟರ್ ಪ್ಯಾಕಿಂಗ್ ಕೊಟ್ಟು ಜಿಗ್ಗನ್ನ ಕಳಿಸಿದರು.

ಆಮೇಲೆ ಒಂದು ಭಾನುವಾರ ಇಬ್ಬರೂ ಕೂತ್ವಿ. ಹಳೇ ಫ್ರೀಕ್ಯಾಡನ್ನ ಆಡ್‌ಆನ್ ಸಮೇತ ಬೇರೆ ಫೋಲ್ಡರಿನಲ್ಲಿ ಮತ್ತೆ ಹಾಕಿದೆ (ಎರಡೂ ಒಟ್ಟಿಗೆ ಇರಬಹುದು, ಇದನ್ನ ಮೊದಲೇ ಮಾಡಬೇಕಿತ್ತು). ಒಂದು ಕಿಟಕೀಲಿ ಹಳೇದು, ಇನ್ನೊಂದರಲ್ಲಿ ಹೊಸದು. ಒಂದೊಂದು ಕನ್‌ಸ್ಟ್ರೇಂಟಿಗೂ ನಾನು "ಇದು ಯಾಕೆ ಚಿಕ್ಕಪ್ಪಾ?" ಅಂತ ಕೇಳೋದು, ಅವರು ಹೇಳಿದ ಕಾರಣಾನೇ ಹೊಸ ಜಾಯಿಂಟಿಗೆ ಹೆಸರು ಇಡೋದು. "ಚಿಪ್ಸ್ ಜಾಗ, 4". "ಎಡಗೈಲಿ ತಿರುಗಿಸೋಕೆ". "ಆಪರೇಟರ್ ಬೆರಳು". ಮೂರನೇ ಕಾಫಿ ಹೊತ್ತಿಗೆ ಮೂವತ್ತು ಮುಗೀತು.

ಮೂವತ್ತೊಂದನೇದು ಕ್ಲಾಂಪಿನ ಕೋನ, 87 ಡಿಗ್ರಿ. 90 ಅಲ್ಲ, 87. ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಏನೋ ಕಾರಣ ಇತ್ತು ಕಣೋ" ಅಂದರು. ಹಾಗೇ ಬಿಟ್ಟಿದ್ದೀವಿ. ಆ ಜಾಯಿಂಟಿನ ಹೆಸರು "ಮುಟ್ಟಬೇಡ".