ಕಾರಣಿಕ ಬಿಡಿಸುವವರಿಗೆ ಚಿತ್ರ ತಿಳಿಯದೆ?

ಮೈಲಾರದ ಡೆಂಕನಮರಡಿಯಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ ನೆರೆದ ಅಪಾರ ಜನಸ್ತೋಮವು ಬಿಲ್ಲನ್ನೇರಿದ ಗೊರವಯ್ಯನು ‘ಸದ್ದಲೇ’ ಎಂದೊಡನೆ ಉಸಿರು ಬಿಗಿಹಿಡಿದು ನಿಂತು, ಆತನ ಬಾಯಿಂದ ಹೊರಟ ಕಾರಣಿಕದ ಎರಡು ಮೂರು ನುಡಿಗಳನ್ನು ಮನೆಗೊಯ್ದು, ಮಳೆಗೊಂದು, ಬೆಳೆಗೊಂದು, ರಾಜಕಾರಣಕ್ಕೆ ಮತ್ತೊಂದು ಅರ್ಥವನ್ನು ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಕುಳಿತು ಬಿಡಿಸುವುದನ್ನು ಹೊಸಹಳ್ಳಿ, ಕೊಟ್ಟೂರು, ಹಡಗಲಿಗಳ ಸೀಮೆಯಲ್ಲಿ ಬೆಳೆದವರಾರು ತಾನೆ ಅರಿಯರು? ಅದೇ ಜನ ಮುಖವಿಲ್ಲದ ಹೆಣ್ಣನ್ನೋ ಎದೆಯೊಳಗೆ ಹಕ್ಕಿ ಕುಳಿತ ಗಂಡಸನ್ನೋ ಬರೆದ ಅತಿವಾಸ್ತವ ಚಿತ್ರವೊಂದರ ಮುಂದೆ ‘ಇದು ನಮಗೆ ತಿಳಿಯುವಂಥದಲ್ಲ’ ಎಂದು ಮುಖ ತಿರುಗಿಸುವುದನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ.

ಪ್ಯಾರಿಸಿನಲ್ಲಿ ಅತಿವಾಸ್ತವವಾದಿ ಆಂದ್ರೆ ಬ್ರೆತೋನನು 1924ರಲ್ಲಿ ಸ್ವಪ್ನ ಜಾಗೃತಿಗಳೆರಡೂ ಒಂದಾಗಬೇಕೆಂದು ಘೋಷಿಸಿದನು. ಅಂಥ ಸ್ವಪ್ನ ನಮಗೆ ಹೊಸದಲ್ಲ. ನಮ್ಮ ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ, ಕೃಷ್ಣದೇವರಾಯನು 1510ರ ಸುಮಾರಿಗೆ ಕಟ್ಟಿಸಿದ ರಂಗಮಂಟಪದಲ್ಲಿ ತಲೆಯೆತ್ತಿದರೆ, ಛತ್ತಿನ ಚಿತ್ರದಲ್ಲಿ ಮನ್ಮಥನು ತಪೋನಿರತನಾದ ಶಿವನಿಗೆ ಬಾಣ ಹೂಡಿದ್ದಾನೆ. ಅವನ ಬಿಲ್ಲು ಕಬ್ಬು, ಬಾಣ ಹೂವು. ಅಲ್ಲಿಯೇ ತ್ರಿಪುರಸಂಹಾರಕ್ಕೆ ಹೊರಟ ಶಿವನ ರಥಕ್ಕೆ ಸೂರ್ಯಚಂದ್ರರೇ ಗಾಲಿಗಳು. ಒಂದು ಉರಿಯುವುದು, ಒಂದು ತಣ್ಣಗಿರುವುದು. ಇಂಥ ರಥ ಯಾವ ಬಡಗಿಯ ಕೊಟ್ಟಿಗೆಯಲ್ಲಿ ಸಿದ್ಧವಾದೀತು? ಆದರೂ ನಾವು ಶಂಕಿಸುವುದಿಲ್ಲ; ಏಕೆಂದರೆ ಕಥೆ ನಮ್ಮದು.

ಆಧುನಿಕ ಚಿತ್ರಕಾರನಿಗೆ ಈ ಭಾಗ್ಯವಿಲ್ಲ. ಅವನ ಸಂಕೇತಗಳು ಅವನ ಏಕಾಂತದಲ್ಲಿ ಹುಟ್ಟಿದವು. ಆದುದರಿಂದ ನೋಡುವವನು ಮೊದಲು ಅರಸಬೇಕಾದುದು ಅರ್ಥವನ್ನಲ್ಲ, ಭಾವವನ್ನು. ನೆರಳು ಎಷ್ಟು ನೀಳವಾಗಿದೆ, ಕೊರಳು ಯಾವ ಕಡೆಗೆ ಬಾಗಿದೆ, ಬಣ್ಣ ಸುಡುತ್ತದೆಯೋ ಕೊರೆಯುತ್ತದೆಯೋ ಎಂಬುದನ್ನು ಮನಸ್ಸು ಗ್ರಹಿಸಿದ ಮೇಲೆ ಸಂಕೇತವು ತಾನಾಗಿ ಮಾತನಾಡತೊಡಗುತ್ತದೆ. ಹಾವೆಂದರೆ ಕಾಮ, ಮೆಟ್ಟಿಲೆಂದರೆ ಮುಕ್ತಿ ಎಂದು ಮೊದಲೇ ನಿಘಂಟು ತೆರೆದು ಕೂರುವುದು ಚಿತ್ರಕ್ಕೆ ಮಾಡುವ ಅನ್ಯಾಯವೇ ಸರಿ. ಚಿತ್ರಕಾರನ ಮಾತೂ ಕಡೆಯ ಮಾತಲ್ಲ. ಸಾಲ್ವಡಾರ್ ಡಾಲಿಯು 1931ರಲ್ಲಿ ಬರೆದ ಕರಗುವ ಗಡಿಯಾರಗಳಿಗೆ ಬಿಸಿಲಿಗೆ ಕರಗುವ ಚೀಸೇ ಪ್ರೇರಣೆಯೆಂದು ಹೇಳಿಕೊಂಡನು. ಅಷ್ಟರಿಂದ ಆ ಚಿತ್ರದ ನಿರ್ಜನ ಕಡಲತೀರದ ವಿಷಾದವೇನೂ ಕಡಿಮೆಯಾಗಲಿಲ್ಲ.

ಹಂಪೆಗೆ ಹೋದಾಗ ಕಲ್ಲಿನ ತೇರನ್ನಷ್ಟೇ ನೋಡಿ ಹಿಂದಿರುಗದೆ, ವಿರೂಪಾಕ್ಷನ ಮಂಟಪದಲ್ಲಿ ತಲೆಯೆತ್ತಿ ಅರ್ಧ ಗಳಿಗೆ ನಿಲ್ಲಿರಿ. ಮಕ್ಕಳು ಜೊತೆಗಿದ್ದರೆ, ಕಥೆಯನ್ನು ಹೇಳುವ ಮುನ್ನ ಅವರಿಗೇನು ಕಂಡಿತೆಂದು ಕೇಳಿರಿ.